ಆಫೀಸ್ ಲೀಸ್ ಮುಗೀತಾ ಇದೆ, ಪೂರ್ತಿ ವರ್ಕ್ ಫ್ರಮ್ ಹೋಮ್ ಮಾಡಿಬಿಡ್ಲಾ? ಕಂಪನಿ ನಡೆಸಿದೋರು ದಯವಿಟ್ಟು ಹೇಳಿ

ಲೀಸ್‌ಚಿಂತೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ನಮ್ದು 34 ಜನ ಇರೋ ಸಣ್ಣ ಸಾಫ್ಟ್‌ವೇರ್ ಕಂಪನಿ. 12 ಜನ ಕಸ್ಟಮರ್ ಸಪೋರ್ಟ್, 15 ಜನ ಡೆವಲಪ್‌ಮೆಂಟು ಟೆಸ್ಟಿಂಗು, ಉಳಿದೋರು ಸೇಲ್ಸು ಅಕೌಂಟ್ಸು. ಇನ್ನು ನಾಲ್ಕು ತಿಂಗಳಿಗೆ ಆಫೀಸ್ ಲೀಸ್ ಮುಗಿಯುತ್ತೆ, ಬಿಲ್ಡಿಂಗ್ ಓನರು ಬಾಡಿಗೆ ಏರಿಸಿ ಮತ್ತೆ ಐದು ವರ್ಷಕ್ಕೆ ಸೈನ್ ಹಾಕಿ ಅಂತಿದಾರೆ. ಸಂಬಳ ಬಿಟ್ರೆ ನಮ್ಮ ಅತಿ ದೊಡ್ಡ ಖರ್ಚು ಅದೇ, ಬಾಡಿಗೆ, ಕರೆಂಟು, ಸೆಕ್ಯೂರಿಟಿ, ಕ್ಲೀನಿಂಗು ಎಲ್ಲಾ ಸೇರಿಸಿ ನೋಡಿದಾಗ ನಂಗೇ ಭಯ ಆಯ್ತು, ಯಾಕಂದ್ರೆ ಈಗ ಯಾವ ದಿನ ಹೋಗಿ ನೋಡಿದ್ರೂ ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ ಇರುತ್ತೆ. ಯಾರು ಯಾವತ್ತು ಬರ್ಬೇಕು ಅಂತ ರೂಲೇ ಇಲ್ಲ, ಬರೋರು ಬರ್ತಾರೆ ಇಲ್ದೇ ಇರೋರು ಇಲ್ಲ.

ನನ್ನ ಪಾರ್ಟ್‌ನರು ಎಲ್ರನ್ನೂ ಐದು ದಿನ ವಾಪಸ್ ಕರೆಸೋಣ ಅಂತಾರೆ. ನಂಗೆ ಆಫೀಸೇ ಬಿಟ್ಟುಬಿಡೋಣ ಅನ್ಸುತ್ತೆ. ಟಿಕೆಟ್‌ಗಳು (ಕಸ್ಟಮರ್ಸ್ ಕಳ್ಸೋ ಸಮಸ್ಯೆಗಳು, ಟೀಮಿಗೆ ಹಂಚಿದ ಕೆಲಸಗಳು) ಟೈಮಿಗೆ ಮುಗೀತಿವೆ, ಸಾಫ್ಟ್‌ವೇರ್ ರಿಲೀಸ್‌ಗಳು ಹೋಗ್ತಿವೆ, ಕಸ್ಟಮರ್ಸ್ ಕಡೆಯಿಂದ ಕಂಪ್ಲೇಂಟ್ ಇಲ್ಲ. ಒಂದೇ ಬೇಜಾರು ಅಂದ್ರೆ ಹೋದ ವರ್ಷ ಕೆಲಸಕ್ಕೆ ತಗೊಂಡ ನಾಲ್ಕು ಜನ ಫ್ರೆಷರ್ಸ್‌ನಲ್ಲಿ ಇಬ್ಬರು ಆರೇ ತಿಂಗಳಿಗೆ ಬಿಟ್ಟು ಹೋದ್ರು, ಅದು ಈಗಿನ ಮಾರ್ಕೆಟ್ಟಲ್ಲಿ ಮಾಮೂಲಿ ಅಂದ್ಕೊಂಡಿದೀನಿ. ಎರಡೂ ಕಡೆ ನೋಡಿದೋರು ಲಾಭ ನಷ್ಟ ಹೇಳಿದ್ರೆ ಉಪಕಾರ ಆಗುತ್ತೆ.

ಎಚ್‌ಆರ್_ಹನ್ನೆರಡುವರ್ಷ

ಸಾರ್, ನಾನು ಎಚ್‌ಆರ್ ಕಡೆಯಿಂದ ಹೇಳ್ತೀನಿ. ಎಲ್ರೂ ಬಾಡಿಗೆ ಉಳಿಯುತ್ತೆ ಅಂತ ಲೆಕ್ಕ ಹಾಕ್ತಾರೆ, ಆದ್ರೆ ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು ಜನ ಕೆಲಸ ಬಿಡೋದು ಕಡಿಮೆ ಆಗೋದು. ಒಬ್ಬ ಒಳ್ಳೆ ಇಂಜಿನಿಯರ್ ಬಿಟ್ಟು ಹೋದ್ರೆ ಹೊಸಬರನ್ನ ಹುಡುಕೋದು, ಇಂಟರ್‌ವ್ಯೂ, ನೋಟಿಸ್ ಪೀರಿಯಡ್ ಕಾಯೋದು, ಆಮೇಲೆ ಅವರು ಕೆಲಸ ಕಲಿಯೋ ತನಕ ಬೇರೆಯವರು ಅವರ ಭಾರ ಹೊರೋದು, ಇದ್ಯಾವ್ದೂ ಯಾವ ಬಿಲ್ಲಲ್ಲೂ ಬರಲ್ಲ, ಹಾಗಾಗಿ ಮಾಲೀಕರ ಕಣ್ಣಿಗೆ ಬೀಳೋದೇ ಇಲ್ಲ.

ಇದಕ್ಕೆ ಸರಿಯಾಗಿ ಪ್ರಯೋಗ ಮಾಡಿ ನೋಡಿದ್ದು ಇದೆ. ಚೀನಾದ ಸಿಟ್ರಿಪ್ ಅನ್ನೋ ಟ್ರಾವೆಲ್ ಕಂಪನಿಯ ಕಾಲ್ ಸೆಂಟರಲ್ಲಿ 2010ರ ಕೊನೆಯಿಂದ ಒಂಬತ್ತು ತಿಂಗಳು, ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತೆ ಅವರ ಜೊತೆಯವರು ಮಾಡಿದ್ದು. ಮನೆಯಿಂದ ಕೆಲಸ ಮಾಡ್ತೀವಿ ಅಂತ ಮುಂದೆ ಬಂದವರಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನ ಮನೆಗೆ ಕಳಿಸಿ, ಉಳಿದರ್ಧ ಆಫೀಸಲ್ಲೇ ಇಟ್ಕೊಂಡು ಹೋಲಿಸಿದ್ರು. ಮನೆಯವರ ಕೆಲಸ 13 ಪರ್ಸೆಂಟ್ ಜಾಸ್ತಿ ಆಯ್ತು. ಅದ್ರಲ್ಲಿ ಬಹುಪಾಲು ಬಂದಿದ್ದು ಬ್ರೇಕು ಕಡಿಮೆ, ಸಿಕ್ ಲೀವ್ ಕಡಿಮೆ ಆಗಿದ್ರಿಂದ, ಉಳಿದಿದ್ದು ಮನೆಯಲ್ಲಿ ಗಲಾಟೆ ಇಲ್ದೇ ನಿಮಿಷಕ್ಕೆ ಜಾಸ್ತಿ ಕಾಲ್ ತಗೊಂಡಿದ್ರಿಂದ. ಕೆಲಸ ಬಿಡೋರ ಸಂಖ್ಯೆ ಅರ್ಧಕ್ಕೆ ಇಳೀತು. ಕಂಪನಿಗೆ ತಲಾ ವರ್ಷಕ್ಕೆ ಸುಮಾರು 2000 ಡಾಲರ್ ಉಳೀತು ಅಂತ ಲೆಕ್ಕ.

ಮುಂದೆ ಅದೇ ಕಂಪನಿ, ಆಗ ಹೆಸರು ಟ್ರಿಪ್ ಡಾಟ್ ಕಾಮ್ ಆಗಿತ್ತು, 2021-22ರಲ್ಲಿ 1612 ಜನರ ಮೇಲೆ ಇನ್ನೊಂದು ಪ್ರಯೋಗ ಮಾಡ್ತು. ಈ ಸಲ ಕಾಲ್ ಸೆಂಟರ್ ಅಲ್ಲ, ಇಂಜಿನಿಯರ್ಸು, ಮಾರ್ಕೆಟಿಂಗು, ಫೈನಾನ್ಸು. ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು. ಪರ್ಫಾರ್ಮೆನ್ಸಲ್ಲಾಗ್ಲಿ ಪ್ರಮೋಷನ್ನಲ್ಲಾಗ್ಲಿ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಬಿಟ್ಟು ಹೋಗೋರು ಮೂರನೇ ಒಂದು ಭಾಗ ಕಡಿಮೆ ಆದ್ರು, ಅದ್ರಲ್ಲೂ ಹೆಣ್ಮಕ್ಕಳು, ದೂರದಿಂದ ಓಡಾಡೋರು. ನಂಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ, ಪ್ರಯೋಗಕ್ಕೆ ಮುಂಚೆ ಮ್ಯಾನೇಜರ್‌ಗಳಿಗೆ ಕೇಳಿದಾಗ ಇದ್ರಿಂದ ಕೆಲಸ ಕಡಿಮೆ ಆಗುತ್ತೆ ಅಂದಿದ್ರಂತೆ, ಮುಗಿದ ಮೇಲೆ ಅವರೇ ಸ್ವಲ್ಪ ಜಾಸ್ತಿ ಆಯ್ತು ಅಂದ್ರಂತೆ. ನಿಮ್ಮ ಪಾರ್ಟ್‌ನರಿಗೆ ಇದನ್ನ ತೋರಿಸಿ. ಐದು ದಿನ ಕಡ್ಡಾಯ ಅಂತ ನೋಟಿಸ್ ಹಾಕಿದ್ರೆ ಮೊದಲು ಹೋಗೋರು ಬೇರೆ ಕಡೆ ಸುಲಭವಾಗಿ ಕೆಲಸ ಸಿಗೋರು, ಅಂದ್ರೆ ನಿಮ್ಮ ಒಳ್ಳೊಳ್ಳೆ ಜನಾನೇ. ನನ್ನ ಕಣ್ಣಾರೆ ನೋಡಿದೀನಿ.

ಕಾಲ್‌ಕ್ಯೂ

ಮೇಲಿನವರು ಹೇಳಿದ ಸಿಟ್ರಿಪ್ ವಿಷಯ ಸರಿ ಇದೆ, ಆದ್ರೆ ಅದನ್ನ ಪೂರ್ತಿ ಹೇಳ್ಬೇಕು, ಅರ್ಧ ಹೇಳಿದ್ರೆ ಕೇಳಿದವರಿಗೆ ಮೋಸ ಆಗುತ್ತೆ. ಅಲ್ಲಿ ಮನೆಗೆ ಹೋಗೋಕೆ ಷರತ್ತು ಇತ್ತು, ಕನಿಷ್ಠ ಆರು ತಿಂಗಳು ಕಂಪನೀಲಿ ಕೆಲಸ ಮಾಡಿರ್ಬೇಕು, ಬ್ರಾಡ್‌ಬ್ಯಾಂಡ್ ಇರ್ಬೇಕು, ಕೆಲಸಕ್ಕೆ ಅಂತ ಸ್ವಂತ ರೂಮ್ ಇರ್ಬೇಕು. ಮತ್ತೆ ಅವರು ವಾರಕ್ಕೆ ನಾಲ್ಕು ದಿನ ಮನೆ, ಐದನೇ ದಿನ ಆಫೀಸಿಗೆ ಬರ್ತಿದ್ರು. ಎಲ್ಲಕ್ಕಿಂತ ಮುಖ್ಯ, ಪ್ರಯೋಗ ಮುಗಿದ ಮೇಲೆ ಇಷ್ಟ ಬಂದ ಕಡೆ ಕೂತ್ಕೊಳ್ಳಿ ಅಂದಾಗ ಮನೆಗೆ ಹೋಗಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ವಾಪಸ್ ಬಂದ್ರು. ಕಾರಣ ಒಂಟಿತನ. ಇನ್ನೊಂದು, ಅಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಮನೆಯಲ್ಲಿದ್ದವರಿಗೆ ಪ್ರಮೋಷನ್ ಸಿಕ್ಕಿದ್ದು ಕಡಿಮೆ. ಕಣ್ಣಿಗೆ ಕಾಣದೇ ಇದ್ದವರು ಮ್ಯಾನೇಜರ್ ಮನಸ್ಸಿಗೂ ಬರಲ್ಲ, ಅಷ್ಟೇ ಅದು.

ಇದಕ್ಕೆ ಉಲ್ಟಾ ಬಂದಿರೋದೂ ಇದೆ. ಚೆನ್ನೈಯಲ್ಲಿ ಡೇಟಾ ಎಂಟ್ರಿ ಕೆಲಸದ ಮೇಲೆ ಡೇವಿಡ್ ಆಟ್ಕಿನ್, ಆಂಟನೆಟ್ ಶೋರ್, ಸುಮಿತ್ ಶಿಂದೆ ಅನ್ನೋ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ ಮನೆಯಿಂದ ಕೆಲಸ ಮಾಡಿದವರು ಆಫೀಸಲ್ಲಿದ್ದವರಿಗಿಂತ 18 ಪರ್ಸೆಂಟ್ ಹಿಂದೆ ಬಿದ್ರು. ಅದ್ರಲ್ಲೂ ಯಾರಿಗೆ ಮನೆಯಿಂದ ಮಾಡೋ ಆಸೆ ಜಾಸ್ತಿ ಇತ್ತೋ ಅವರಿಗೇ ಮನೆಯಲ್ಲಿ ಹೊಡೆತ ಜಾಸ್ತಿ. ಯಾಕೆ ಅಂತ ಯೋಚನೆ ಮಾಡಿದ್ರೆ ನಂಗೆ ಹೊಳೆಯೋದು ಏನಂದ್ರೆ, ಮನೆಯಲ್ಲೇ ಇರ್ಬೇಕು ಅನ್ನೋರಿಗೆ ಮನೆಯಲ್ಲಿ ಏನೋ ಜವಾಬ್ದಾರಿ ಇದೆ ಅಂತ ಅರ್ಥ, ಮಗು ಇರ್ಬಹುದು ವಯಸ್ಸಾದವರು ಇರ್ಬಹುದು, ಆ ಜವಾಬ್ದಾರೀನೇ ಕೆಲಸದ ಮಧ್ಯ ಕೈ ಹಿಡಿದು ಎಳೆಯುತ್ತೆ. ಅದು ಸೋಮಾರಿತನ ಅಲ್ಲ. ದಯವಿಟ್ಟು ಯಾರೂ ಹಾಗೆ ಓದ್ಬೇಡಿ.

ನಾನು ಸಪೋರ್ಟ್ ಟೀಮ್ ನೋಡ್ಕೊಳ್ಳೋನು. ನಮ್ಮ ಕೆಲಸ ಎಣಿಸೋಕೆ ಬರುತ್ತೆ, ಎಷ್ಟು ಟಿಕೆಟ್ ಬಂತು ಎಷ್ಟು ಮುಗೀತು ಎಷ್ಟು ಮತ್ತೆ ತೆರೀತು ಅಂತ, ಹಾಗಾಗಿ ಸಾರ್ ನಿಮ್ಮ 12 ಜನ ಸಪೋರ್ಟಿನವರನ್ನ ಮನೆಗೆ ಕಳ್ಸೋದು ಎಲ್ಲಕ್ಕಿಂತ ಸುಲಭ. ಆದ್ರೆ ಕಳ್ಸೋಕೆ ಮುಂಚೆ ಒಬ್ಬೊಬ್ಬರನ್ನೂ ಕೂರಿಸ್ಕೊಂಡು ಮನೇಲಿ ಕೂರೋಕೆ ಜಾಗ ಇದ್ಯಾ ಅಂತ ಕೇಳಿ. ಒಂದೇ ರೂಮಲ್ಲಿ ನಾಲ್ಕು ಜನ ಇರೋ ಹುಡುಗನಿಗೆ ಆಫೀಸ್ ಅನ್ನೋದು ಸೌಲಭ್ಯ, ನಾವು ಅದನ್ನ ಕಿತ್ಕೊಂಡು ಉಳಿಸೋ ಬಾಡಿಗೆ ಅವನ ತಲೆ ಮೇಲೆ ಹೋಗುತ್ತೆ. ಇಂಟರ್‌ನೆಟ್ಟು, ಕುರ್ಚಿ, ಕರೆಂಟು ಎಲ್ಲಾ ಈಗ ಅವನ ಖರ್ಚು. ಉಳಿದ ಬಾಡಿಗೇಲಿ ಒಂದು ಭಾಗ ಅವರಿಗೇ ಕೊಡಿ. ಮತ್ತೆ ಆ ಮೌಸ್ ಅಲ್ಲಾಡ್ತಾ ಇದ್ಯಾ ನೋಡೋದು, ಸ್ಕ್ರೀನ್ ಫೋಟೋ ತೆಗೆಯೋದು, ಆ ಸಾಫ್ಟ್‌ವೇರ್ ಮಾತ್ರ ಹಾಕ್ಬೇಡಿ. ನಾನು ಮೊದಲಿದ್ದ ಕಡೆ ಹಾಕಿದ್ರು, ಜನ ಕಸ್ಟಮರ್ ಜೊತೆ ಫೋನಲ್ಲಿ ಸಮಾಧಾನವಾಗಿ ಮಾತಾಡೋದು ಬಿಟ್ಟು ಮೌಸ್ ಅಲ್ಲಾಡಿಸೋದ್ರಲ್ಲೇ ಗಮನ ಇಟ್ರು. ಅಳೆದಿದ್ದು ಮಾತ್ರ ಸಿಕ್ತು, ಕೆಲಸ ಸಿಗ್ಲಿಲ್ಲ.

ಕೋಡ್‌ರಿವ್ಯೂ

ಸಾರ್ ನೀವು ಪ್ರಶ್ನೆ ಕೊನೇಲಿ ಹಾಗೇ ಸುಮ್ನೆ ಒಂದು ಸಾಲು ಬರೆದು ದಾಟಿ ಹೋಗಿದೀರಿ, ನಾಲ್ಕು ಫ್ರೆಷರ್ಸಲ್ಲಿ ಇಬ್ಬರು ಬಿಟ್ರು ಅಂತ. ನಂಗೆ ನಿಮ್ಮ ಪೂರ್ತಿ ಪ್ರಶ್ನೆ ಅದೇ ಸಾಲಲ್ಲಿದೆ ಅನ್ಸುತ್ತೆ. ಮಾಮೂಲಿ ಅಂತ ಬಿಡ್ಬೇಡಿ.

ನಾನು ಹದಿನಾರು ವರ್ಷದಿಂದ ಕೋಡ್ ಬರೀತಾ ಇದೀನಿ, ನಂಗೆ ಕೆಲಸ ಬರುತ್ತೆ, ಯಾವ ಸರ್ವರ್ ಯಾಕೆ ಬೀಳುತ್ತೆ, ಯಾರನ್ನ ಕೇಳಿದ್ರೆ ಉತ್ತರ ಸಿಗುತ್ತೆ, ಯಾವ ಕಸ್ಟಮರ್ ಯಾವುದಕ್ಕೆ ಸಿಟ್ಟಾಗ್ತಾರೆ, ಎಲ್ಲಾ ಗೊತ್ತು, ಹಾಗಾಗಿ ಮನೇಲಿ ಕೂತ್ರೆ ಆಫೀಸಿಗಿಂತ ಚೆನ್ನಾಗಿ ಮಾಡ್ತೀನಿ. ಆದ್ರೆ ನಾನು ಇದನ್ನೆಲ್ಲಾ ಕಲಿತಿದ್ದು ಹೇಗೆ? ಯಾರೂ ಕ್ಲಾಸ್ ತಗೊಳ್ಳಲಿಲ್ಲ. ಪಕ್ಕದ ಸೀಟಲ್ಲಿ ಕೂತಿದ್ದ ಸೀನಿಯರ್ ಫೋನಲ್ಲಿ ಹೇಗೆ ಮಾತಾಡ್ತಾರೆ ಕೇಳಿಸ್ಕೊಂಡು, ಪ್ರೊಡಕ್ಷನ್, ಅಂದ್ರೆ ಕಸ್ಟಮರ್ಸ್ ಬಳಸ್ತಿರೋ ಸಿಸ್ಟಮ್ಮೇ, ಬಿದ್ದಾಗ ಅವರ ಕುರ್ಚಿ ಹಿಂದೆ ನಿಂತು ಮೊದಲು ಯಾವ ಲಾಗ್ (ಸಿಸ್ಟಮ್ ತಾನೇ ಬರೆದಿಡೋ ದಾಖಲೆ) ತೆಗೀತಾರೆ ಅಂತ ನೋಡ್ಕೊಂಡು ಕಲಿತಿದ್ದು. ಈಗಿನ ಹುಡುಗ ಒಂದು ಸಣ್ಣ ಡೌಟ್ ಕೇಳ್ಬೇಕಂದ್ರೆ ಮೆಸೇಜ್ ಟೈಪ್ ಮಾಡ್ಬೇಕು, ಸೀನಿಯರ್ ಬ್ಯುಸಿ ಅಂತ ಕೆಂಪು ಚುಕ್ಕಿ ಕಾಣುತ್ತೆ, ಕೇಳಿದ್ರೆ ದಡ್ಡ ಅಂದ್ಕೊಳ್ತಾರೇನೋ ಅಂತ ಸುಮ್ಮನಾಗ್ತಾನೆ, ಎರಡು ನಿಮಿಷದ ಡೌಟಿಗೆ ಎರಡು ದಿನ ಒದ್ದಾಡ್ತಾನೆ. ಇದು ನಿಮ್ಮ ಡ್ಯಾಶ್‌ಬೋರ್ಡಲ್ಲಿ ಕಾಣಲ್ಲ ಸಾರ್. ಟಿಕೆಟ್ ಕೊನೆಗೂ ಮುಗಿಯುತ್ತಲ್ಲ.

ಇದರ ಮೇಲೆ ನತಾಲಿಯಾ ಇಮ್ಯಾನ್ಯುಯೆಲ್, ಎಮ್ಮಾ ಹ್ಯಾರಿಂಗ್ಟನ್, ಅಮಾಂಡಾ ಪಲೈಸ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ಅಮೆರಿಕನ್ ಕಂಪನಿಯ ಸಾಫ್ಟ್‌ವೇರ್ ಇಂಜಿನಿಯರ್‌ಗಳ ಕೋಡ್ ರಿವ್ಯೂಗಳನ್ನೇ, ಅಂದ್ರೆ ಒಬ್ಬರು ಬರೆದ ಕೋಡನ್ನ ಇನ್ನೊಬ್ಬರು ಓದಿ ಕಾಮೆಂಟ್ ಹಾಕಿದ್ದನ್ನೇ, ತಗೊಂಡು ನೋಡಿದ್ರು. ಪೂರ್ತಿ ಟೀಮ್ ಒಂದೇ ಬಿಲ್ಡಿಂಗಲ್ಲಿ ಕೂರ್ತಿದ್ದವರಿಗೆ, ಬೇರೆ ಬೇರೆ ಬಿಲ್ಡಿಂಗಲ್ಲಿ ಹಂಚಿಹೋಗಿದ್ದ ಟೀಮಿನವರಿಗಿಂತ, ತಮ್ಮ ಕೋಡ್ ಮೇಲೆ ಕಾಮೆಂಟು ಜಾಸ್ತಿ ಸಿಗ್ತಿತ್ತು. ಕೋವಿಡ್ ಬಂದು ಎಲ್ರೂ ಮನೆಗೆ ಹೋದ ಮೇಲೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಅಳಿಸಿ ಹೋಯ್ತು. ಹತ್ತಿರ ಕೂತಿದ್ರಿಂದ ಜಾಸ್ತಿ ಲಾಭ ಆಗಿದ್ದು ಚಿಕ್ಕ ವಯಸ್ಸಿನವರಿಗೆ, ಹೆಣ್ಮಕ್ಕಳಿಗೆ. ಆದ್ರೆ ಅದಕ್ಕೆ ಬೆಲೆ ಕೊಟ್ಟಿದ್ದು ಯಾರು ಗೊತ್ತಾ, ಸೀನಿಯರ್‌ಗಳು. ಹತ್ತಿರ ಕೂತ ಸೀನಿಯರ್‌ಗಳು ತಾವು ಬರೆಯೋ ಕೋಡ್ ಕಡಿಮೆ ಆಗಿತ್ತು, ಯಾಕಂದ್ರೆ ಆ ಟೈಮು ಹೇಳ್ಕೊಡೋದಕ್ಕೆ ಹೋಗ್ತಿತ್ತು.

ಅಂದ್ರೆ ಎಲ್ರನ್ನೂ ಮನೆಗೆ ಕಳಿಸಿದ ತಕ್ಷಣ ಆ ಕ್ವಾರ್ಟರಲ್ಲಿ ಔಟ್‌ಪುಟ್ ಏರುತ್ತೆ. ಮಾಲೀಕರು ನೋಡಿದ್ಯಾ ಏನೂ ಆಗ್ಲಿಲ್ಲ ಅಂತಾರೆ. ಎರಡು ಮೂರು ವರ್ಷ ಆದ್ಮೇಲೆ ಸೀನಿಯರ್ ಬಿಟ್ಟು ಹೋದ ದಿನ ಅವರ ಜಾಗ ತುಂಬೋಕೆ ಒಳಗೆ ಯಾರೂ ತಯಾರಾಗಿಲ್ಲ ಅಂತ ಗೊತ್ತಾಗುತ್ತೆ. ಬೀಜಕ್ಕೆ ಇಟ್ಟ ಕಾಳನ್ನ ಊಟಕ್ಕೆ ಬಳಸಿದ ಹಾಗೆ ಅದು. ನಮ್ಮ ಹಳೇ ಕಂಪನೀಲಿ ಹಾಗೇ ಆಯ್ತು, ನಾನೂ ಅದ್ರಲ್ಲಿ ಪಾಲುದಾರ, ಮನೆಯಿಂದ ಕೆಲಸ ನಂಗೆ ಅಷ್ಟು ಹಿತವಾಗಿತ್ತು ಅಂತ ನನ್ನ ಕೈ ಕೆಳಗಿನ ಮೂರು ಹುಡುಗರು ಎಲ್ಲಿ ಸಿಕ್ಕಿಹಾಕ್ಕೊಂಡಿದಾರೆ ಅಂತ ನೋಡ್ಲೇ ಇಲ್ಲ. ಅದು ಇವತ್ತಿಗೂ ಮನಸ್ಸಲ್ಲಿದೆ.

ದೂರದಿಂದ

ನಮ್ಮ ಕಂಪನಿಗೆ ಆಫೀಸೇ ಇಲ್ಲ, 60 ಜನ, ಎಲ್ರೂ ಬೇರೆ ಬೇರೆ ಕಡೆ. ನಾನು ಮೇಲಿನವರ ಮಾತನ್ನ ಪೂರ್ತಿ ಒಪ್ಪಲ್ಲ. ಜೂನಿಯರ್ಸ್ ಕಲಿಯೋದು ಪಕ್ಕದಲ್ಲಿ ಕೂತ್ರೆ ಮಾತ್ರ ಅಂದ್ರೆ, ಗಿಟ್‌ಲ್ಯಾಬ್ ಅಂಥ ಕಂಪನಿ ಆಫೀಸ್ ಇಲ್ಲದೇ ಬೆಳೆದು ಶೇರ್ ಮಾರ್ಕೆಟ್ಟಿಗೂ ಬಂತಲ್ಲ, 2021ರಲ್ಲಿ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸೋ ಆಟೋಮ್ಯಾಟಿಕ್ ಅಂತೂ 2017ರಲ್ಲಿ ತನ್ನ ಸ್ಯಾನ್ ಫ್ರಾನ್ಸಿಸ್ಕೋ ಆಫೀಸನ್ನ ಯಾರೂ ಬರ್ತಿಲ್ಲ ಅಂತ ಮುಚ್ಚೇಬಿಡ್ತು. ಆದ್ರೆ ಅವರು ಬರೀ ಆಫೀಸ್ ತೆಗೆದಿದ್ದಲ್ಲ, ಆಫೀಸ್ ಮಾಡ್ತಿದ್ದ ಕೆಲಸಾನ ಬೇರೆ ಥರ ಮಾಡಿದ್ರು. ಗಿಟ್‌ಲ್ಯಾಬ್ ಹ್ಯಾಂಡ್‌ಬುಕ್ ಇಂಟರ್‌ನೆಟ್ಟಲ್ಲಿ ಎಲ್ರಿಗೂ ತೆರೆದಿದೆ, ರಜೆ ಹೇಗೆ ತಗೋಬೇಕು ಅನ್ನೋದ್ರಿಂದ ಹಿಡಿದು ತೀರ್ಮಾನ ಯಾರು ತಗೋತಾರೆ ಅನ್ನೋತನಕ ಬರೆದಿಟ್ಟಿದಾರೆ. ಹೊಸಬರು ಯಾರನ್ನೂ ಕೇಳ್ದೇ ಅರ್ಧ ಉತ್ತರ ಅಲ್ಲೇ ಹುಡುಕ್ಕೋಬಹುದು.

ಹೆಚ್ಚಿನ ಕಂಪನಿಗಳು ಸೋಲೋದು ಆಫೀಸಿನ ದಿನಚರೀನ ಹಾಗೇ ಎತ್ಕೊಂಡು ಬಂದು ವಿಡಿಯೋ ಕಾಲಲ್ಲಿ ಕೂರಿಸೋದ್ರಿಂದ. ಬೆಳಿಗ್ಗೆಯಿಂದ ಸಂಜೆ ತನಕ ಮೀಟಿಂಗು, ಕೆಲಸ ರಾತ್ರಿ. ನಮ್ಮಲ್ಲಿ ರೂಲ್ ಇದೆ, ತೀರ್ಮಾನ ಬರೆದಿಟ್ಟಿಲ್ಲ ಅಂದ್ರೆ ಅದು ತೀರ್ಮಾನವೇ ಅಲ್ಲ. ಮೊದಲ ಒಂದು ವರ್ಷ ತುಂಬಾ ಕಷ್ಟ ಆಯ್ತು, ಬರೆಯೋಕೆ ಯಾರಿಗೂ ಮನಸ್ಸಿಲ್ಲ, ಮಾತಾಡಿ ಮುಗಿಸೋದೇ ಅಭ್ಯಾಸ. ಸಾರ್, ನಿಮ್ಮ ಹತ್ರ ಬರೆದಿಡೋ ಅಭ್ಯಾಸ ಎಷ್ಟಿದೆ? ಯಾವ ಕುರ್ಚಿ ಎಷ್ಟು ಖಾಲಿ ಅನ್ನೋದಕ್ಕಿಂತ ಮೊದಲು ಇದನ್ನ ನೋಡಿ.

ಒಂದನ್ನ ಮಾತ್ರ ನಾವೂ ಪೂರ್ತಿ ಗೆಲ್ಲಕ್ಕಾಗ್ಲಿಲ್ಲ. ಮೈಕ್ರೋಸಾಫ್ಟಿನವರು ತಮ್ಮದೇ 61 ಸಾವಿರ ಅಮೆರಿಕನ್ ಉದ್ಯೋಗಿಗಳ ಇಮೇಲು, ಮೀಟಿಂಗು, ಮೆಸೇಜುಗಳ ಲೆಕ್ಕ ತೆಗೆದು ನೋಡಿದ್ರು, 2020ರ ಮೊದಲ ಆರು ತಿಂಗಳದ್ದು. ಎಲ್ರೂ ಮನೆಗೆ ಹೋದ ಮೇಲೆ ಒಂದೊಂದು ಗುಂಪು ಒಳಗೊಳಗೇ ಬಿಗಿಯಾಯ್ತು, ಆದ್ರೆ ಗುಂಪಿಂದ ಗುಂಪಿಗೆ ಇದ್ದ ಕೊಂಡಿಗಳು ಸಡಿಲ ಆದ್ವು, ಒಟ್ಟಿಗೆ ಕೆಲಸ ಮಾಡೋ ಟೈಮಲ್ಲಿ ಬೇರೆ ಗುಂಪಿನವರ ಪಾಲು ಸುಮಾರು ಕಾಲು ಭಾಗ ಇಳೀತು. ನಮ್ಮಲ್ಲೂ ಅದೇ, ಸಪೋರ್ಟಿನವರಿಗೆ ಗೊತ್ತಿರೋ ಕಸ್ಟಮರ್ ಗೋಳು ಡೆವಲಪರ್ ಕಿವಿಗೆ ಬೀಳೋದೇ ಇಲ್ಲ. ಹಾಗಾಗಿ ವರ್ಷಕ್ಕೆ ಮೂರು ಸಲ ಎಲ್ರನ್ನೂ ಒಂದು ಕಡೆ ವಾರಗಟ್ಟಲೆ ಸೇರಿಸ್ತೀವಿ, ಆ ಖರ್ಚು ಸಣ್ಣದಲ್ಲ, ಬಾಡಿಗೆ ಪೂರ್ತಿ ಉಳಿಯುತ್ತೆ ಅಂತ ಲೆಕ್ಕ ಹಾಕ್ಬೇಡಿ.

ಇನ್ನೆರಡು ವಿಷಯ ಬೇಗ ಹೇಳ್ತೀನಿ. ಜನ ಬೇರೆ ರಾಜ್ಯಕ್ಕೋ ಬೇರೆ ದೇಶಕ್ಕೋ ಹೋಗಿ ಕೂತ್ರೆ ಟ್ಯಾಕ್ಸು, ಕಾರ್ಮಿಕ ಕಾನೂನು ಅಲ್ಲಿಯದ್ದು ಅನ್ವಯ ಆಗ್ಬಹುದು, ಕೆಲವು ಕಡೆ ಒಬ್ಬ ಉದ್ಯೋಗಿ ಅಲ್ಲಿ ಕೂತ ಮಾತ್ರಕ್ಕೆ ನಿಮ್ಮ ಕಂಪನಿ ಅಲ್ಲೇ ವ್ಯವಹಾರ ಮಾಡ್ತಿದೆ ಅಂತ ಲೆಕ್ಕ ಆಗುತ್ತೆ, ಆಡಿಟರ್ ಕೇಳ್ದೇ ಯಾರಿಗೂ ಹೂಂ ಅನ್ಬೇಡಿ. ಮತ್ತೆ ಲ್ಯಾಪ್‌ಟಾಪ್ ಕಂಪನೀದೇ ಕೊಡಿ, ಕದ್ದವರಿಗೆ ಓದೋಕೆ ಆಗದ ಹಾಗೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರ್ಲಿ, ಲಾಗಿನ್‌ಗೆ ಪಾಸ್‌ವರ್ಡ್ ಅಲ್ದೇ ಎರಡನೇ ಹಂತದ ಪರೀಕ್ಷೆ ಕಡ್ಡಾಯ ಮಾಡಿ. ಬಿಟ್ಟು ಹೋದವರ ಲಾಗಿನ್ ಅವತ್ತೇ ಮುಚ್ಚೋಕೆ ಒಬ್ಬರನ್ನ ನೇಮಿಸಿ, ನಮ್ಮಲ್ಲಿ ಒಂದು ಲಾಗಿನ್ ನಾಲ್ಕು ತಿಂಗಳು ತೆರೆದೇ ಇತ್ತು, ದೇವರ ದಯ ಏನೂ ಆಗ್ಲಿಲ್ಲ.

ಹೆಸರುಬೇಡ

ನಾನು ಮಾಲೀಕ ಅಲ್ಲ, ಉದ್ಯೋಗಿ. ಒಂದೇ ಮಾತು. ಏನೇ ಮಾಡಿ, ಹೇಳಿದ ಮಾತಿಗೆ ನಿಲ್ಲಿ. ನಮ್ಮ ಹಿಂದಿನ ಕಂಪನೀಲಿ ಇನ್ಮುಂದೆ ಶಾಶ್ವತವಾಗಿ ಮನೆಯಿಂದ ಅಂದ್ರು, ಅದನ್ನ ನಂಬಿ ಎಷ್ಟೋ ಜನ ಅಪ್ಪ ಅಮ್ಮನ ಹತ್ರ ಮನೆ ಮಾಡಿದ್ರು, ಮಕ್ಕಳನ್ನ ಅಲ್ಲೇ ಸ್ಕೂಲಿಗೆ ಸೇರಿಸಿದ್ರು, ಒಂದೂವರೆ ವರ್ಷಕ್ಕೆ ಇಮೇಲ್ ಬಂತು, ಮುಂದಿನ ತಿಂಗಳಿಂದ ಎಲ್ರೂ ಬನ್ನಿ ಅಂತ. ದೊಡ್ಡ ಕಂಪನಿಗಳೂ ಹಿಂಗೇ ಮಾಡಿವೆ, ಯಾಹೂ 2013ರಲ್ಲಿ ಮನೆಯಿಂದ ಮಾಡ್ತಿದ್ದವರನ್ನ ಕರೆಸ್ತು, ಎಷ್ಟೋ ದಶಕದಿಂದ ಮನೆಯಿಂದ ಕೆಲಸ ಮಾಡಿಸ್ತಿದ್ದ ಐಬಿಎಂ 2017ರಲ್ಲಿ ಸಾವಿರಾರು ಜನರನ್ನ ವಾಪಸ್ ಆಫೀಸಿಗೆ ಅಂತು, ಅಮೆಜಾನ್ 2025ರ ಜನವರಿಯಿಂದ ತನ್ನ ಆಫೀಸ್ ಕೆಲಸದವರಿಗೆ ಐದು ದಿನ ಅಂತು. ಕರೆಸೋದು ತಪ್ಪು ಅಂತ ಹೇಳ್ತಿಲ್ಲ. ಜನ ತಮ್ಮ ಜೀವನಾನ ನಿಮ್ಮ ಒಂದು ಇಮೇಲ್ ನಂಬಿ ಕಟ್ಕೊಂಡಿರ್ತಾರೆ. ಪ್ರಯೋಗ ಅಂದ್ರೆ ಪ್ರಯೋಗ ಅಂತಾನೇ ಹೇಳಿ, ಎಷ್ಟು ತಿಂಗಳು ಅಂತಾನೂ ಹೇಳಿ.

ಲೀಸ್‌ಚಿಂತೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಉತ್ತರ ಬರೀಲಿಲ್ಲ ಕ್ಷಮಿಸಿ, ಬರೆಯೋಕೆ ಮುಂಚೆ ಒಂದು ಕೆಲಸ ಮಾಡ್ಬೇಕಿತ್ತು.

ಕೋಡ್‌ರಿವ್ಯೂ ಅವರು ಬರೆದಿದ್ದು ಓದಿ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಬಿಟ್ಟು ಹೋದ ಇಬ್ಬರಿಗೂ ಫೋನ್ ಮಾಡ್ದೆ. ಒಬ್ಬ ಎತ್ತಲಿಲ್ಲ. ಇನ್ನೊಬ್ಬಳು ಮಾತಾಡಿದ್ಲು, ಮೊದಲು ಸಂಬಳ ಅದೂ ಇದೂ ಅಂದ್ಲು, ಆಮೇಲೆ ಹೇಳಿದ್ಲು, ಸಾರ್ ಡೌಟ್ ಕೇಳೋಕೆ ಮೆಸೇಜ್ ಟೈಪ್ ಮಾಡ್ತಿದ್ದೆ, ಓದಿ ನೋಡಿ ಅಳಿಸ್ತಿದ್ದೆ, ಮತ್ತೆ ಟೈಪ್ ಮಾಡ್ತಿದ್ದೆ, ಆರು ತಿಂಗಳು ದಿನಾ ಹಿಂಗೇ ಆಗಿ ಈ ಕೆಲಸ ನಂಗೆ ಬರೋದೇ ಇಲ್ಲ ಅಂತ ಅನ್ನಿಸ್ತು ಅಂತ. ಈಗಿರೋ ಕಡೆ ಪಕ್ಕದಲ್ಲಿ ಒಬ್ಬರು ಕೂರ್ತಾರಂತೆ, ಚೆನ್ನಾಗಿ ಮಾಡ್ತಾ ಇದಾಳಂತೆ. ಅವಳು ನಮ್ಮ ಇಂಟರ್‌ವ್ಯೂನಲ್ಲಿ ಎಲ್ರಿಗಿಂತ ಚೆನ್ನಾಗಿ ಮಾಡಿದ್ದ ಹುಡುಗಿ.

ಪಾರ್ಟ್‌ನರ್ ಜೊತೆ ಕೂತು ಮಾತಾಡಿದ್ವಿ. ಐದು ವರ್ಷದ ಲೀಸ್ ಸೈನ್ ಮಾಡ್ತಿಲ್ಲ, ಆಫೀಸ್ ಪೂರ್ತಿ ಬಿಡ್ತಾನೂ ಇಲ್ಲ. 14 ಸೀಟಿನ ಚಿಕ್ಕ ಜಾಗ ನೋಡ್ತಿದೀವಿ. ಸಪೋರ್ಟಿನವರಿಗೆ ಅವರವರ ಇಷ್ಟ, ಮನೆಯಲ್ಲಿ ಜಾಗ ಇಲ್ಲದ ಮೂವರಿಗೆ ಸೀಟ್ ಖಾಯಂ, ಮನೆಯಿಂದ ಮಾಡೋರಿಗೆ ಇಂಟರ್‌ನೆಟ್ಟಿಗೆ ಕುರ್ಚಿಗೆ ಅಂತ ತಿಂಗಳಿಗೆ ಇಷ್ಟು ಕೊಡ್ತೀವಿ. ಎರಡು ವರ್ಷಕ್ಕಿಂತ ಕಡಿಮೆ ಅನುಭವದ ಡೆವಲಪರ್ಸು, ಅವರಿಗೆ ಗಂಟು ಹಾಕಿರೋ ಸೀನಿಯರ್ಸು ಮಂಗಳವಾರ ಬುಧವಾರ ಒಟ್ಟಿಗೆ ಬರ್ತಾರೆ, ಆ ಎರಡು ದಿನ ಸೀನಿಯರ್‌ಗಳಿಗೆ ಅರ್ಧದಷ್ಟೇ ಕೆಲಸ ಹಾಕೋದು, ಹೇಳ್ಕೊಡೋದೂ ಅವರ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬರೋ ಹಾಗೆ ಮಾಡ್ತೀವಿ. ಒಂದು ವರ್ಷದ ಪ್ರಯೋಗ ಅಂತ ಬರೆದು ಎಲ್ರಿಗೂ ಕಳಿಸಿದೀವಿ, ಬದಲಾಯಿಸೋದಿದ್ರೆ ಆರು ತಿಂಗಳು ಮುಂಚೆ ಹೇಳ್ತೀವಿ ಅಂತಾನೂ ಬರೆದಿದೀವಿ. ಇಬ್ಬರು ಸೀನಿಯರ್ಸ್ ಗೊಣಗಿದ್ರು, ಒಬ್ಬರು ಬಿಟ್ಟು ಹೋಗ್ಬಹುದು, ಗೊತ್ತಿದ್ದೇ ಮಾಡ್ತಿದೀವಿ.

ಇನ್ನೊಂದು ಸಹಾಯ ಬೇಕು. ಚಿಕ್ಕ ಜಾಗದವರು ಮೂರು ವರ್ಷದ ಲೀಸ್ ಕೇಳ್ತಿದಾರೆ, ಮಧ್ಯದಲ್ಲಿ ಬಿಡೋ ಹಾಗಿಲ್ಲ ಅಂತಾರೆ. ಹೇಗೆ ಮಾತಾಡೋದು?

ದೂರದಿಂದ

ಮೊದಲ ಒಂದು ವರ್ಷ ನೀವು ಬಿಡೋ ಹಾಗಿಲ್ಲ, ಆಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತ ಷರತ್ತು ಹಾಕಿಸಿ, ಅದಕ್ಕೆ ಬದಲಾಗಿ ಡೆಪಾಸಿಟ್ ಸ್ವಲ್ಪ ಜಾಸ್ತಿ ಕೊಡ್ತೀವಿ ಅನ್ನಿ, ಹೆಚ್ಚಿನವರು ಒಪ್ತಾರೆ. ಒಪ್ಪದಿದ್ರೆ ಕೋವರ್ಕಿಂಗ್ ಜಾಗದಲ್ಲಿ, ಅಂದ್ರೆ ಹಲವು ಕಂಪನಿಗಳು ಹಂಚ್ಕೊಳ್ಳೋ ಆಫೀಸಲ್ಲಿ, 14 ಸೀಟು ತಿಂಗಳ ಲೆಕ್ಕದಲ್ಲಿ ತಗೊಳ್ಳಿ, ಸೀಟಿಗೆ ರೇಟು ಜಾಸ್ತಿ ಬಿದ್ರೂ ನಿಮ್ಮ ಪ್ರಯೋಗದ ವರ್ಷಕ್ಕೆ ಅದೇ ಸರಿ. ಅಗ್ರಿಮೆಂಟಲ್ಲಿ ಮಂಗಳವಾರ ಬುಧವಾರ ಅವರೆಲ್ಲಾ ಒಂದೇ ರೂಮಲ್ಲಿ ಅಕ್ಕಪಕ್ಕ ಕೂರೋಕೆ ಸಿಗುತ್ತಾ ಅಂತ ಮಾತ್ರ ಮೊದಲೇ ಬರೆಸ್ಕೊಳ್ಳಿ, ಅಂಥ ಕಡೆ ಒಬ್ಬರನ್ನ ಒಂದು ಫ್ಲೋರಲ್ಲಿ ಇನ್ನೊಬ್ಬರನ್ನ ಇನ್ನೊಂದು ಫ್ಲೋರಲ್ಲಿ ಕೂರಿಸಿಬಿಡ್ತಾರೆ.